ಹಾಲಿನ ಲೆಕ್ಕಕ್ಕೊಂದು ಕಿಟಕಿ

ಮಂಗಳೂರು ನಗರದ ಕುಲಶೇಖರದಲ್ಲಿ ವಾಸಿಸುವವರಿಗೆ ಹಾಲಿನ ವಾಹನಗಳ ಓಡಾಟ ಅಪರಿಚಿತವಲ್ಲ. ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೈರಿ ಇರುವುದು ಇಲ್ಲಿಯೇ. ಹಳ್ಳಿಗಳ ಸಹಕಾರ ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಕೂಡಿಬಂದ ಹಾಲು ಇಲ್ಲಿಗೆ ಬಂದು, ಕಾದು, ತಣಿದು, ಪೊಟ್ಟಣ ಸೇರಿ ಮತ್ತೆ ಹೊರಡುತ್ತದೆ. ಆದರೆ ಹಾಲು ತಂದ ರೈತನಿಗೆ ಸಲ್ಲಬೇಕಾದ ಬೆಲೆ ಮೊದಲು ನಿಷ್ಕರ್ಷೆಯಾಗುವುದು ಈ ದೊಡ್ಡ ಡೈರಿಯಲ್ಲಲ್ಲ. ಹಳ್ಳಿಯ ಸಂಘದ ಮೇಜಿನ ಮೇಲೆ. ಅಲ್ಲಿ ಅಳತೆಯಾಗುತ್ತದೆ, ಮಾದರಿಯ ಪರೀಕ್ಷೆಯಾಗುತ್ತದೆ, ಚೀಟಿ ಬರೆಯಲ್ಪಡುತ್ತದೆ.

ನಮ್ಮ ಬಂಧುಗಳೊಬ್ಬರು ಅಂತಹ ಒಂದು ಸಂಘದ ಕಾರ್ಯದರ್ಶಿಗಳು. ಒಮ್ಮೆ ಪೇಟೆಯ ಕೆಲಸಕ್ಕೆಂದು ಬಂದವರು ನಮ್ಮಲ್ಲಿ ಊಟ ತೀರಿಸಿ, ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತು, “ಭಾವ, ನಿಮ್ಮ ಕಾಲೇಜಿನಲ್ಲಿ ಕಂಪ್ಯೂಟರುಗಳಿಗೇನು ಬರವಿಲ್ಲವಲ್ಲ. ನಮ್ಮ ಸಂಘದ ಲೆಕ್ಕಕ್ಕೆ ಒಂದು ಪ್ರೋಗ್ರಾಮು ಮಾಡಿಕೊಡಬಾರದೇ? ಹೆಸರುಗಳು ಮಾತ್ರ ಕನ್ನಡದಲ್ಲೇ ಬರಬೇಕು” ಎಂದರು. ಒಂದು ವಾರದಲ್ಲಿ ಮಾಡಿಕೊಡುವುದಾಗಿ ನಾವು ಒಪ್ಪಿಕೊಂಡೆವು. ಕೆಲಸ ಮುಗಿಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಹೋದುದೆಲ್ಲಿ ಎಂಬುದೇ ಈ ಲೇಖನದ ವಿಷಯ.

ಹೋದುದು ಲೆಕ್ಕದಲ್ಲಂತೂ ಅಲ್ಲ. ಹಾಲಿನ ಲೆಕ್ಕ ಭೌತವಿಜ್ಞಾನದ ಅಧ್ಯಾಪಕರಿಗೆ ರುಚಿಸುವಂತಹುದೇ. ಹಾಲಿನಲ್ಲಿರುವ ಕೊಬ್ಬು ನೀರಿಗಿಂತ ಹಗುರ. ಸಕ್ಕರೆ, ಪ್ರೋಟೀನು, ಲವಣಗಳೆಂಬ ಉಳಿದ ಘನಪದಾರ್ಥಗಳು ನೀರಿಗಿಂತ ಭಾರ. ಲ್ಯಾಕ್ಟೋಮೀಟರು ಹಾಲಿನಲ್ಲಿ ತೇಲಿ 28 ಎಂದು ತೋರಿಸಿದರೆ, ಆ ಹಾಲಿನ ಸಾಂದ್ರತೆ ನೀರಿನದಕ್ಕಿಂತ 1.028 ಪಟ್ಟು ಎಂದರ್ಥ. ಒಂದೇ ಸಾಂದ್ರತೆಯ ಎರಡು ಹಾಲುಗಳಲ್ಲಿ ಯಾವುದರಲ್ಲಿ ಕೊಬ್ಬು ಹೆಚ್ಚೋ ಅದರಲ್ಲಿ, ಕೊಬ್ಬಿನ ಹಗುರತನವನ್ನು ಸರಿದೂಗಿಸಲು, ಉಳಿದ ಘನಾಂಶವೂ ಹೆಚ್ಚಿರಲೇಬೇಕು. ಸಂಘಗಳ ಮಾತಿನಲ್ಲಿ ಎಸ್.ಎನ್.ಎಫ್. ಎನ್ನುವುದು ಈ ಉಳಿದ ಘನಾಂಶವನ್ನೇ. ಇದನ್ನು ಕಂಡುಹಿಡಿಯಲು ರಿಚ್ಮಂಡ್ ಎಂಬ ಆಂಗ್ಲ ರಸಾಯನಜ್ಞನ ಹೆಸರಿನ ಸೂತ್ರವೊಂದಿದ್ದು, ಅದರ ಹಲವು ರೂಪಾಂತರಗಳು ಬಳಕೆಯಲ್ಲಿವೆ. ಒಂದರಂತೆ, ಲ್ಯಾಕ್ಟೋಮೀಟರಿನ ಅಂಕವನ್ನು 4ರಿಂದ ಭಾಗಿಸಿ, ಅದಕ್ಕೆ ಜಿಡ್ಡಿನ ಪ್ರತಿಶತದ ಕಾಲುಭಾಗವನ್ನೂ 0.44ನ್ನೂ ಕೂಡಿಸಬೇಕು. ಅಂಕ 28, ಜಿಡ್ಡು 4 ಆದರೆ ಉತ್ತರ 7 + 1 + 0.44, ಅಂದರೆ 8.44. ಇನ್ನೊಂದು ರೂಪದಲ್ಲಿ ಕಾಲರ ಸ್ಥಾನದಲ್ಲಿ 0.21, 0.44ರ ಸ್ಥಾನದಲ್ಲಿ 0.36 ಇರುತ್ತವೆ, ಆಗ ಅದೇ ಹಾಲಿಗೆ 8.20 ಮಾತ್ರ. ದರದ ಪಟ್ಟಿಯಲ್ಲಿ ಹಾಲನ್ನು ಬೇರೊಂದು ಸಾಲಿಗೆ ತಳ್ಳಲು ಇಷ್ಟು ವ್ಯತ್ಯಾಸ ಸಾಕು. ಆದಕಾರಣ ಈ ಸ್ಥಿರಾಂಕಗಳನ್ನು ಕ್ರಮವಿಧಿಯ ಹೊಟ್ಟೆಯೊಳಗೆ ಹುದುಗಿಸದೆ, ಬೇಕಾದಾಗ ತಿದ್ದಬಹುದಾದ ಒಂದು ಪ್ರತ್ಯೇಕ ಕಡತದಲ್ಲಿಟ್ಟೆವು. ಇದೆಲ್ಲವೂ ಎರಡು ಸಂಜೆಗಳ ಕೆಲಸ.

ಉಳಿದ ಕಾಲವೆಲ್ಲ ಹೋದುದು ಕಿಟಕಿಗೆ. ಗಣಕದ ಪರದೆಯ ಮೇಲೆ ತೆರೆಯುವ ಚೌಕ, ಅದರಲ್ಲಿ ಹೆಸರು ಬರೆಯುವ ಪೆಟ್ಟಿಗೆ, ಒತ್ತುವ ಗುಂಡಿ, ಸದಸ್ಯರ ಪಟ್ಟಿ: ಇವು ದಿನವೂ ನಾವು ಕಾಣುವ ವಸ್ತುಗಳು. ಆದರೆ ಒಂದು ಗುಂಡಿಯನ್ನು ಬರಿಗೈಯಿಂದ ರಚಿಸಹೊರಟವನು, ಅದರ ಅಂಚನ್ನು ಎಳೆಯಬೇಕು, ಒತ್ತಿದಾಗ ಅದು ತಗ್ಗಿದಂತೆ ಕಾಣಿಸಬೇಕು, ಮೌಸಿನ ಬಾಣ ಅದರ ಮೇಲಿದೆಯೇ ಎಂದು ಕ್ಷಣಕ್ಷಣಕ್ಕೂ ನೋಡಬೇಕು. ಇಷ್ಟನ್ನು ಪ್ರತಿಯೊಬ್ಬನೂ ಹೊಸದಾಗಿ ಮಾಡುವುದು ವ್ಯರ್ಥವೆಂದು, ಒಮ್ಮೆ ಮಾಡಿದ ಕೆಲಸವನ್ನು ಎಲ್ಲರೂ ಬಳಸುವಂತೆ ಕೂಡಿಟ್ಟಿರುತ್ತಾರೆ. ಇಂಜಿನಿಯರುಗಳು ಕ್ಲಾಸ್ ಲೈಬ್ರರಿ ಎನ್ನುವುದು ಇದಕ್ಕೆ. ನಾವು ಇಲ್ಲಿ ‘ವರ್ಗಭಂಡಾರ’ ಎಂದು ಕರೆಯೋಣ.

ವರ್ಗವೆಂದರೇನು? 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ, ಅಚ್ಚು ಎಂದರೇನೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಚ್ಚು ಒಂದು, ಹಂಚು ಸಾವಿರ. ವರ್ಗವು ಅಚ್ಚಿನಂತೆ, ಅದರಿಂದ ಹುಟ್ಟುವ ಗುಂಡಿ, ಪೆಟ್ಟಿಗೆ ಮುಂತಾದವು ಹಂಚುಗಳಂತೆ. ಇವಕ್ಕೆ ‘ವಸ್ತು’ಗಳೆಂದು ಹೆಸರು. ಉಪಮಾನ ಇಲ್ಲಿಗೆ ಮುಗಿಯುತ್ತದೆ: ಸುಟ್ಟ ಹಂಚು ಮಾಡಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಗಣಕದ ವಸ್ತುವಾದರೋ ತನ್ನ ಸ್ಥಿತಿಯನ್ನು ತಾನೇ ನೆನಪಿಟ್ಟುಕೊಂಡು, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಅಲ್ಲದೆ, ಸಾಮಾನ್ಯ ಪೆಟ್ಟಿಗೆಯ ವರ್ಗದಿಂದ ‘ಅಂಕೆಗಳನ್ನು ಮಾತ್ರ ಸ್ವೀಕರಿಸುವ ಪೆಟ್ಟಿಗೆ’ ಎಂಬ ಹೊಸ ವರ್ಗವನ್ನು, ವ್ಯತ್ಯಾಸವಿರುವಷ್ಟನ್ನೇ ಬರೆದು, ಪಡೆಯಬಹುದು. ಹಂಚಿನ ಅಚ್ಚಿಗೆ ಅಂತಹ ಸಂತಾನಶಕ್ತಿಯಿಲ್ಲ. ಈ ಕಲ್ಪನೆ ಪೂರ್ಣರೂಪದಲ್ಲಿ ಮೊದಲು ಕಾಣಿಸಿಕೊಂಡುದು ನಾರ್ವೆ ದೇಶದ ಓಸ್ಲೋ ನಗರದಲ್ಲಿ, ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬಿಬ್ಬರು 1967ರಲ್ಲಿ ರೂಪಿಸಿದ ಸಿಮ್ಯುಲಾ ಭಾಷೆಯಲ್ಲಿ.

ಗಣಿತದ ಸೂತ್ರಗಳ ಭಂಡಾರವೂ ಒಂದು ಭಂಡಾರವೇ, ಕಿಟಕಿಗಳ ಭಂಡಾರವೂ ಒಂದು ಭಂಡಾರವೇ. ಆದರೆ ಎರಡನ್ನೂ ಆರಿಸುವ ರೀತಿ ಒಂದೇ ಅಲ್ಲ. ವರ್ಗಮೂಲ ಬೇಕಾದಾಗ ನಮ್ಮ ಕ್ರಮವಿಧಿಯು ಗಣಿತಭಂಡಾರವನ್ನು ಕರೆಯುತ್ತದೆ. ಅದು ಉತ್ತರವಿತ್ತು ಸುಮ್ಮನಾಗುತ್ತದೆ. ಕಿಟಕಿಯ ಭಂಡಾರದಲ್ಲಿ ಯಜಮಾನಿಕೆ ತಿರುವುಮುರುವಾಗುತ್ತದೆ. ಯಕ್ಷಗಾನವನ್ನು ನೋಡಿದವರಿಗೆ ಇದು ಒಡನೆಯೇ ತಿಳಿದೀತು. ರಂಗಸ್ಥಳದ ಹಿಂದೆ ಕುಳಿತು ಇಡೀ ರಾತ್ರಿಯನ್ನು ನಡೆಸುವವರು ಭಾಗವತರು. ಪದ ಎತ್ತಿದಾಗ ವೇಷ ಪ್ರವೇಶಿಸಬೇಕು, ಕುಣಿಯಬೇಕು, ಅರ್ಥ ಹೇಳಿ ಹಿಂದೆ ಸರಿಯಬೇಕು. ವರ್ಗಭಂಡಾರದೊಳಗೆ ಅಂತಹ ಒಂದು ಘಟನಾಚಕ್ರ ಸದಾ ತಿರುಗುತ್ತಿರುತ್ತದೆ: ಕೀಲಿ ಒತ್ತಿದರೇ, ಗುಂಡಿ ಒತ್ತಿದರೇ, ಕಿಟಕಿ ಸರಿಸಿದರೇ ಎಂದು ನೋಡುತ್ತ, ಆಯಾ ಘಟನೆಗೆಂದು ನಾವು ಬರೆದಿಟ್ಟ ತುಣುಕನ್ನು ಅದೇ ಕರೆಯುತ್ತದೆ. ನಮ್ಮ ಕ್ರಮವಿಧಿ ವೇಷಧಾರಿ ಮಾತ್ರ. ಹೀಗಿರುವುದರಿಂದ ಅರ್ಧರಾತ್ರಿಯಲ್ಲಿ ಭಾಗವತರನ್ನು ಬದಲಾಯಿಸುವುದು ಎಷ್ಟು ಕಷ್ಟವೋ, ಅರ್ಧ ಬರೆದ ಕ್ರಮವಿಧಿಗೆ ಬೇರೆ ವರ್ಗಭಂಡಾರವನ್ನು ಹೊಂದಿಸುವುದೂ ಅಷ್ಟೇ ಕಷ್ಟ. ಬಹುಪಾಲು ತುಣುಕುಗಳನ್ನು ಮತ್ತೆ ಬರೆಯಬೇಕು.

ಇದು ನಮಗೆ ಪುಸ್ತಕದಿಂದ ತಿಳಿದಿತ್ತು. ಅನುಭವದಿಂದ ತಿಳಿದುದು ಎರಡನೆಯ ತಿಂಗಳಿನಲ್ಲಿ.

ಒಂದೇ ದಿನದಲ್ಲಿ ಕಲಿಯಬಹುದಾದ ಚಿಕ್ಕ ಭಂಡಾರವೊಂದನ್ನು ಆರಿಸಿ, ಮನೆಯ ಗಣಕದಲ್ಲಿ ಕ್ರಮವಿಧಿಯನ್ನು ಬರೆದೆವು. ಪರೀಕ್ಷೆಗೆಂದು ನಾವು ಕೊಟ್ಟ ಸದಸ್ಯರ ಹೆಸರುಗಳು ‘ರಾಮ’, ‘ಕಮಲ’, ‘ಗಣಪ’ ಎಂಬಂತಹವು. ಎಲ್ಲವೂ ಚೆನ್ನಾಗಿ ಬಂದವು. ಕಾರ್ಯದರ್ಶಿಗಳು ತಮ್ಮ ನಿಜವಾದ ಪಟ್ಟಿಯನ್ನು ತಂದು ತುಂಬಿದಾಗ ಅಕ್ಷರಗಳು ಕಳಚಿ ಬಿದ್ದವು. ‘ಲಕ್ಷ್ಮೀ’ ಎಂಬ ಹೆಸರಿನ ಕ, ಷ, ಮಗಳು ಒಂದರ ಪಕ್ಕದಲ್ಲೊಂದು ನಿಂತು, ನಡುನಡುವೆ ಹಲಂತದ ಕೊಕ್ಕೆಗಳು ತೂಗಾಡುತ್ತಿದ್ದವು. ಕಾರ್ಯದರ್ಶಿಗಳು ಬಹಳ ಹೊತ್ತು ನೋಡಿ, “ಭಾವ, ಇದು ಲಕ್ಷ್ಮಿಯಕ್ಕನ ಹೆಸರೆಂದು ನಾನು ಓದಿಯೇನು. ಲಕ್ಷ್ಮಿಯಕ್ಕ ಓದಲಿಕ್ಕಿಲ್ಲ” ಎಂದರು. ಚೀಟಿಯಲ್ಲಿ ತನ್ನ ಹೆಸರನ್ನು ಓದಲಾರದವಳು ಅದರ ಕೆಳಗಿನ ಹಣದ ಅಂಕೆಯನ್ನು ನಂಬಬೇಕೇಕೆ? ಭಂಡಾರದ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಅದು ತಾನು ಮಾಡುತ್ತೇನೆಂದು ಹೇಳಿದ್ದನ್ನೆಲ್ಲ ಮಾಡಿತ್ತು. ಒತ್ತಕ್ಷರವಿಲ್ಲದ ಹೆಸರುಗಳನ್ನು ಹುಡುಕಿ ಹುಡುಕಿ ಕೊಟ್ಟವರು ನಾವು.

ಒಂದು ಅಕ್ಷರ, ಆರು ಸಂಕೇತ

ಇಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಇಂದು ಗಣಕಗಳು ಅಕ್ಷರಗಳನ್ನು ಯುನಿಕೋಡ್ ಎಂಬ ಪದ್ಧತಿಯಲ್ಲಿ ಕೂಡಿಡುತ್ತವೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆ ದೊರೆತಿದೆ. ಈ ಮನೆಯಲ್ಲಿ ಸ್ವರಗಳಿವೆ, ವ್ಯಂಜನಗಳಿವೆ, ಗುಣಿತದ ಚಿಹ್ನೆಗಳಿವೆ, ಹಲಂತವಿದೆ. ಒತ್ತಕ್ಷರಗಳು ಮಾತ್ರ ಇಲ್ಲ! ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕದ ನೆನಪಿನಲ್ಲಿ ಅದು ಸ, ಹಲಂತ, ತ, ಹಲಂತ, ರ, ಈತ್ವದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಆ ಆರನ್ನು ಓದಿ, ಸಕಾರಕ್ಕೆ ಗುಡಿಸು ಕೊಟ್ಟು, ಕೆಳಗೆ ತಕಾರದ ಒತ್ತನ್ನೂ ರಕಾರದ ಒತ್ತನ್ನೂ ಇಳಿಸಿ, ದೀರ್ಘವನ್ನು ಬಲಕ್ಕೆ ಕೊಂಡೊಯ್ದು ನಿಲ್ಲಿಸುವ ಕೆಲಸವನ್ನು ಯಾರಾದರೂ ಮಾಡಬೇಕು. ‘ಅರ್ಕುಳ’ದಲ್ಲಿ ಇನ್ನೊಂದು ಚಮತ್ಕಾರ: ನಾವು ಮೊದಲು ಬೆರಳಚ್ಚಿಸುವ ರಕಾರವು ಪರದೆಯ ಮೇಲೆ ಕಕಾರದ ಹಿಂದಕ್ಕೆ ಸರಿದು ಅರ್ಕಾವತ್ತಾಗಬೇಕು. ‘ಕೊಕ್ಕಡ’ದ ಒತ್ವದಲ್ಲಿ ಒಂದೇ ಚಿಹ್ನೆ ಎರಡು ತುಂಡಾಗಿ, ಒಂದು ತುಂಡು ಅಕ್ಷರದ ನೆತ್ತಿಯ ಮೇಲೂ ಇನ್ನೊಂದು ಬಲಮಗ್ಗುಲಲ್ಲೂ ಕೂರಬೇಕು.

ಈ ಜೋಡಣೆಯನ್ನು ಮಾಡುವ ಯಂತ್ರಭಾಗವು ವರ್ಗಭಂಡಾರದ ಕೆಳಗೆ, ಎಲ್ಲರ ಕಣ್ಣಿಗೆ ಮರೆಯಾಗಿ ಇರುತ್ತದೆ. ವಿಂಡೋಸಿನಲ್ಲಿ ಬಹುಕಾಲದಿಂದ ಈ ಕೆಲಸ ನಡೆಸಿದುದು ಯುನಿಸ್ಕ್ರೈಬ್. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯನ್ನೂ ತಂದು ಕನ್ನಡಕ್ಕೆ ಅಲ್ಲಿ ನೆಲೆ ಒದಗಿಸಿತು. ಲಿನಕ್ಸಿನ ಕಡೆ ಪ್ಯಾಂಗೋ ಮತ್ತು ಅದರ ಅಡಿಯಲ್ಲಿ ಹಾರ್ಫ್‌ಬಝ್ ಎಂಬುವು ಕೆಲಸ ಮಾಡುತ್ತವೆ. ವರ್ಗಭಂಡಾರವು ಪದವನ್ನು ಇಡಿಯಾಗಿ ಇಂತಹ ಯಂತ್ರಭಾಗಕ್ಕೆ ಒಪ್ಪಿಸಿದರೆ ಕನ್ನಡ ಸರಿಯಾಗಿ ಮೂಡುತ್ತದೆ. ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ತಾನೇ ಬರೆಯಹೊರಟರೆ ಲಕ್ಷ್ಮಿಯಕ್ಕನ ಹೆಸರಿಗೆ ಬಂದ ಗತಿಯೇ ಎಲ್ಲ ಹೆಸರುಗಳಿಗೂ. ಕಾಲೇಜುಗಳಲ್ಲಿ ಪೈಥಾನ್ ಕಲಿಸುವಾಗ ಬಳಕೆಯಲ್ಲಿರುವ ಟಿಕೆ ಭಂಡಾರದ 8.6ನೆಯ ಆವೃತ್ತಿಯು ಲಿನಕ್ಸಿನಲ್ಲಿ ಈ ಎರಡನೆಯ ಗುಂಪಿಗೆ ಸೇರಿದುದು. ಪಾಠಕ್ಕೆ ಅದು ಬಹಳ ಯೋಗ್ಯವಾದ ಭಂಡಾರವೇ. ಕನ್ನಡದ ಪಟ್ಟಿಗೆ ಅಲ್ಲ.

ಬರೆದುದು ಸರಿಯಾಗಿ ಕಂಡರೆ ಸಾಲದು. ಪೆಟ್ಟಿಗೆಯಲ್ಲಿ ಮಿಣುಕುವ ಕಡ್ಡಿಯು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾರಬೇಕು. ‘ಸ್ತ್ರೀ’ಯ ಒಡಲೊಳಗೆ ಆರು ಕಡೆ ತಂಗಬಾರದು. ಅಳಿಸುವ ಕೀಲಿ ಒತ್ತಿದಾಗ ಎಷ್ಟು ಅಳಿಯಬೇಕೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಕೊನೆಯ ಸಂಕೇತವೊಂದೇ ಹೋಗಲಿ ಎನ್ನುವವರಿದ್ದಾರೆ; ತಪ್ಪಿದ ಒತ್ತನ್ನಷ್ಟೇ ತಿದ್ದಲು ಅದು ಅನುಕೂಲವೆಂದು ನಮಗೂ ತೋರುತ್ತದೆ. ಇದಲ್ಲದೆ ಎತ್ತರದ ಪ್ರಶ್ನೆಯೊಂದಿದೆ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಅಳೆದ ಗುಂಡಿಯಲ್ಲಿ ಒತ್ತಿನ ಕೆಳಗಿನ ಒತ್ತು ಅಂಚಿಗೆ ತಾಗಿ ಕತ್ತರಿಸಿಹೋಗುತ್ತದೆ. ಆದಕಾರಣ ಕಿಟಕಿಯ ಭಾಗಗಳನ್ನು ಇಷ್ಟೇ ಉದ್ದ, ಇಷ್ಟೇ ಎತ್ತರವೆಂದು ಗೆರೆ ಕೊಯ್ದು ಕೂರಿಸುವ ಭಂಡಾರಕ್ಕಿಂತ, ಒಳಗಿನ ಬರಹವನ್ನು ಅಳೆದು ಅದಕ್ಕೆ ತಕ್ಕಷ್ಟು ಸ್ಥಳವನ್ನು ಹಂಚುವ ಭಂಡಾರ ಕನ್ನಡಕ್ಕೆ ಮೇಲು.

ವಾಚಕರು ಇಲ್ಲೊಂದು ಪ್ರಶ್ನೆ ಎತ್ತಬಹುದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತ್ತು; ಆ ಕಾಲದ ಗಣಕಗಳಲ್ಲಿ ಈ ಜೋಡಣೆಯ ಯಂತ್ರಭಾಗಗಳಿಲ್ಲದೆಯೂ ಕನ್ನಡ ಅಂದವಾಗಿಯೇ ಮೂಡುತ್ತಿತ್ತಲ್ಲ? ನಿಜ. ಆಗ ಅಕ್ಷರದ ತುಂಡುಗಳನ್ನೇ, ಅಂದರೆ ತಲೆಕಟ್ಟು, ಒತ್ತು, ಇಳಿಗಳನ್ನೇ, ಇಂಗ್ಲಿಷ್ ಮತ್ತು ಯೂರೋಪಿನ ಇತರ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ ಅಕ್ಷರಶೈಲಿಗಳನ್ನು ಬಳಸುತ್ತಿದ್ದರು. ಜೋಡಣೆಯ ಬುದ್ಧಿ ಬೆರಳಚ್ಚಿನ ತಂತ್ರಾಂಶದಲ್ಲಿತ್ತು. ವರ್ಗಭಂಡಾರಕ್ಕೆ ಏನೂ ತಿಳಿದಿರಬೇಕಾಗಿರಲಿಲ್ಲ. ಯಾವ ಭಂಡಾರದ ಯಾವ ಪೆಟ್ಟಿಗೆಗಾದರೂ ಆ ಅಕ್ಷರಶೈಲಿಯನ್ನು ತೊಡಿಸಿದರೆ ಸಾಕು, ಕನ್ನಡ ಬರುತ್ತಿತ್ತು. ಆದರೆ ಆ ಶೈಲಿಯನ್ನು ತೆಗೆದೊಡನೆ ಬರಹವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ನಮ್ಮ ಕಾರ್ಯದರ್ಶಿಗಳ ಸದಸ್ಯರ ಪಟ್ಟಿಯೂ ಅಂತಹ ಶೈಲಿಯಲ್ಲೇ ಇದ್ದು, ಅದನ್ನು ಯುನಿಕೋಡಿಗೆ ತಿರುಗಿಸಿದ ಮೇಲೆ ಒಂದೊಂದು ಹೆಸರನ್ನೂ ಕಣ್ಣಿನಿಂದ ನೋಡಿ ತಿದ್ದಬೇಕಾಯಿತು. ಆ ದಿನಗಳ ಕೀಲಿಮಣೆ ವಿನ್ಯಾಸ ಮಾತ್ರ ಇಂದಿಗೂ ಉಳಿದಿದೆ. ನುಡಿಯಲ್ಲಿರುವ ಆ ವಿನ್ಯಾಸಕ್ಕೆ ಮೂಲವಾದುದು ಕೆ. ಪಿ. ರಾವ್ ಅವರ ಯೋಜನೆ. ಅವರ ಹೆಸರಿನ ಮೊದಲಕ್ಷರದಲ್ಲಿರುವ ಕಿನ್ನಿಕಂಬಳ ನಮ್ಮ ಕುಲಶೇಖರಕ್ಕೆ ಬಹುದೂರದ ಊರೇನಲ್ಲ.

ಭಂಡಾರಗಳ ಸಾಲು

ಈಗ ಯಾವ ಯಾವ ಭಂಡಾರಗಳಿವೆ ಎಂಬುದನ್ನು ನೋಡೋಣ. ಎಲ್ಲವನ್ನೂ ಹೇಳಹೊರಟರೆ ಸಂಚಿಕೆಯೇ ಸಾಲದು.

ಮೊದಲ ಭೇದ ಇರುವುದು ಗುಂಡಿಯನ್ನು ಬರೆಯುವವರು ಯಾರು ಎಂಬುದರಲ್ಲಿ. ಕೆಲವು ಭಂಡಾರಗಳು ಗಣಕದ ಕಾರ್ಯವ್ಯವಸ್ಥೆಯಲ್ಲಿ ಮೊದಲೇ ಇರುವ ಗುಂಡಿ ಪೆಟ್ಟಿಗೆಗಳನ್ನೇ ಎರವಲು ತರುತ್ತವೆ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಆರಂಭಿಸಿದ ಡಬ್ಲ್ಯುಎಕ್ಸ್ ಭಂಡಾರ ಈ ಜಾತಿಯದು. ವಿಂಡೋಸಿನಲ್ಲಿ ಅದು ವಿಂಡೋಸಿನ ಪೆಟ್ಟಿಗೆಯನ್ನೂ, ಲಿನಕ್ಸಿನಲ್ಲಿ ಜಿ.ಟಿ.ಕೆ.ಯ ಪೆಟ್ಟಿಗೆಯನ್ನೂ ತೋರಿಸುತ್ತದೆ. ಅದರ ಪೂರ್ವದ ಹೆಸರು ಡಬ್ಲ್ಯುಎಕ್ಸ್ ವಿಂಡೋಸ್; ಮೈಕ್ರೋಸಾಫ್ಟಿನ ಕೋರಿಕೆಯ ಮೇರೆಗೆ 2004ರಲ್ಲಿ ಡಬ್ಲ್ಯುಎಕ್ಸ್ ವಿಜೆಟ್ಸ್ ಎಂದಾಯಿತು. ಬೇರೆ ಕೆಲವು ಭಂಡಾರಗಳು ಎಲ್ಲವನ್ನೂ ತಾವೇ ಬರೆದುಕೊಳ್ಳುತ್ತವೆ. ಇವುಗಳಲ್ಲಿ ಅಗ್ರಗಣ್ಯವಾದುದು ಕ್ಯೂಟ್. ಇದೂ ನಾರ್ವೆಯ ಕೂಸೇ: ಹಾವರ್ಡ್ ನೋರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಎಂಬ ತರುಣರು 1991ರಲ್ಲಿ ಕೈಹಚ್ಚಿ 1995ರಲ್ಲಿ ಪ್ರಕಟಿಸಿದರು. ಎರವಲಿನವರಿಗೆ ಆಯಾ ಯಂತ್ರದ ಸಹಜ ರೂಪ ತಾನಾಗಿ ದೊರೆಯುತ್ತದೆ, ಜೊತೆಗೆ ಆಯಾ ಯಂತ್ರದ ಕುಂದುಗಳೂ ದೊರೆಯುತ್ತವೆ. ತಾವೇ ಬರೆಯುವವರದು ಎಲ್ಲ ಕಡೆಯಲ್ಲೂ ಒಂದೇ ನಡವಳಿಕೆ. ಆದರೆ ಹೊರೆ ಹೆಚ್ಚು. ಇಬ್ಬರಲ್ಲಿಯೂ ಕನ್ನಡದ ಜೋಡಣೆ ಇಂದು ಸರಿಯಾಗಿದೆ.

ಕಿಟಕಿಯ ಬದಲು ಅಂತರ್ಜಾಲದ ಬ್ರೌಸರನ್ನೇ ಕ್ರಮವಿಧಿಯೊಳಗೆ ಕೂರಿಸಿಬಿಡುವ ಒಂದು ಮಾರ್ಗವೂ ಈಚೆಗೆ ಪ್ರಚಾರಕ್ಕೆ ಬಂದಿದೆ. ಕನ್ನಡ ಅದರಲ್ಲಿ ನಿರ್ದುಷ್ಟವಾಗಿ ಬರುತ್ತದೆ. ಹಾಲಿನ ಚೀಟಿ ಬರೆಯಲು ಇಡೀ ಬ್ರೌಸರನ್ನು ಹೊತ್ತು ತಿರುಗುವುದು, ತೋಡು ದಾಟಲು ಹಡಗು ತರಿಸಿದಂತೆ ನಮಗೆ ಕಂಡಿತು. ಕಿರಿಯ ಸಹೋದ್ಯೋಗಿಗಳು ಈ ಮಾತಿಗೆ ನಗುತ್ತಾರೆ.

ಭಂಡಾರದ ಆಯುಷ್ಯ ಎಷ್ಟು ಎಂಬುದು ಎಲ್ಲಕ್ಕಿಂತ ಕಡಿಮೆ ಕೇಳಲ್ಪಡುವ ಪ್ರಶ್ನೆ. 1990ರ ದಶಕದ ಆದಿಯಲ್ಲಿ ಬೋರ್ಲೆಂಡ್ ಕಂಪೆನಿಯ ‘ಔಲ್’ ಎಂಬ ಭಂಡಾರ ಬಹು ಜನಪ್ರಿಯವಾಗಿತ್ತು. 1992ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂ.ಎಫ್.ಸಿ.ಯನ್ನು ಹೊರತಂದಿತು. 1995ರಲ್ಲಿ ಬೋರ್ಲೆಂಡ್ ಡೆಲ್ಫಿಯೊಂದಿಗೆ ಬೇರೊಂದು ಭಂಡಾರವನ್ನು ತಂದು ಕ್ರಮೇಣ ಔಲನ್ನು ಕೈಬಿಟ್ಟಿತು. ಔಲನ್ನು ನಂಬಿ ಸಹಸ್ರಾರು ಸಾಲುಗಳನ್ನು ಬರೆದಿದ್ದವರು ಭಾಗವತರಿಲ್ಲದ ಮೇಳದಂತಾದರು. ಭಂಡಾರದ ಮೂಲಪಾಠವು ಎಲ್ಲರಿಗೂ ಮುಕ್ತವಾಗಿದ್ದು, ಅದನ್ನು ತಿದ್ದಿ ಹಂಚುವ ಹಕ್ಕೂ ಪರವಾನಗಿಯಲ್ಲಿದ್ದರೆ ಈ ಭಯ ಕಡಿಮೆ. ಒಡೆಯನು ಬಿಟ್ಟರೂ ಬಳಕೆದಾರರು ಮುಂದುವರಿಸಬಹುದು.

ಕ್ಯೂಟ್ ಭಂಡಾರದ ಕಥೆ ಈ ದೃಷ್ಟಿಯಿಂದ ಬಹು ಸ್ವಾರಸ್ಯವಾದುದು. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ಲಿನಕ್ಸಿನಂತಹ ವ್ಯವಸ್ಥೆಗಳಿಗೆ ಸರ್ವಾಂಗಸುಂದರವಾದ ಪರದೆಯೊಂದನ್ನು ಕಟ್ಟುವ ಕೆ.ಡಿ.ಇ. ಯೋಜನೆಯನ್ನು ಆರಂಭಿಸಿದಾಗ ಆರಿಸಿದುದು ಕ್ಯೂಟನ್ನು. ಅದರ ಅಂದಿನ ಪರವಾನಗಿ ಪೂರ್ಣ ಸ್ವತಂತ್ರವಾಗಿರಲಿಲ್ಲ. ಸ್ವತಂತ್ರವಲ್ಲದ ತಳಹದಿಯ ಮೇಲೆ ಸ್ವತಂತ್ರವಾದ ಮನೆ ನಿಲ್ಲಲಾರದೆಂದು ವಾದಿಸಿದವರು 1997ರಲ್ಲಿ ಗ್ನೋಮ್ ಎಂಬ ಪ್ರತಿಯೋಜನೆಯನ್ನು ಹೂಡಿ, ಜಿ.ಟಿ.ಕೆ.ಯನ್ನು ತಳಹದಿ ಮಾಡಿಕೊಂಡರು. ಒಂದು ಭಂಡಾರದ ಕರಾರುಪತ್ರದಿಂದಾಗಿ ಎರಡು ಬೃಹತ್ ಯೋಜನೆಗಳು ಹುಟ್ಟಿ, ಎರಡೂ ಇಂದಿಗೂ ನಡೆಯುತ್ತಿವೆ. 1998ರಲ್ಲಿ ಕೆ.ಡಿ.ಇ.ಯವರು ಕ್ಯೂಟಿನ ಒಡೆಯರಾದ ಟ್ರೋಲ್‌ಟೆಕ್ ಕಂಪೆನಿಯೊಂದಿಗೆ ಒಂದು ಒಪ್ಪಂದ ಮಾಡಿಕೊಂಡರು: ಕಂಪೆನಿಯು ಮುಕ್ತ ಆವೃತ್ತಿಯನ್ನು ಮುಂದುವರಿಸದೆ ಹೋದರೆ, ಅತ್ಯಂತ ಉದಾರವಾದ ಪರವಾನಗಿಯೊಂದರ ಅಡಿಯಲ್ಲಿ ಅದನ್ನು ಲೋಕಕ್ಕೆ ಬಿಟ್ಟುಕೊಡುವ ಹಕ್ಕು ಇದಕ್ಕೆಂದೇ ಸ್ಥಾಪಿತವಾದ ಪ್ರತಿಷ್ಠಾನಕ್ಕೆ ಸೇರುತ್ತದೆ. ಮುಂದೆ 2000ದಲ್ಲಿ ಲಿನಕ್ಸಿನ ಕ್ಯೂಟಿಗೆ ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯೂ, 2009ರಲ್ಲಿ ಇನ್ನೂ ಸಡಿಲವಾದ ಎಲ್.ಜಿ.ಪಿ.ಎಲ್. ಪರವಾನಗಿಯೂ ದೊರೆತವು. ಅಷ್ಟರಲ್ಲಿ, 2008ರಲ್ಲಿ, ಟ್ರೋಲ್‌ಟೆಕ್ಕನ್ನು ನೋಕಿಯಾ ಕೊಂಡಿತ್ತು. ಅನಂತರ ಭಂಡಾರ ಫಿನ್‌ಲೆಂಡಿನದೇ ಆದ ಡಿಜಿಯಾ ಕಂಪೆನಿಯ ಕೈಸೇರಿತು. ಒಡೆತನ ಇಷ್ಟು ಸಲ ಕೈಬದಲಾದರೂ ಅದನ್ನು ಬಳಸುವವರು ಬೀದಿಪಾಲಾಗದಿದ್ದುದಕ್ಕೆ ಆ ಒಪ್ಪಂದವೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಗೇಣಿ ಚೀಟಿಯನ್ನು ಓದದೆ ಗದ್ದೆಗಿಳಿಯಬಾರದೆಂಬುದನ್ನು ಕರಾವಳಿಯ ಹಿರಿಯರಿಗೆ ವಿವರಿಸಬೇಕಾಗಿಲ್ಲ.

ಸಂಘದ ಗಣಕ

ಇಷ್ಟೆಲ್ಲ ವಿಚಾರಿಸಿದ ಮೇಲೆ ನಾವು ಕ್ಯೂಟನ್ನೇ ಆರಿಸುವುದೆಂದು ನಿಶ್ಚಯಿಸಿದೆವು. ಹಾಲಿನ ಪರೀಕ್ಷಾಯಂತ್ರದಿಂದ ತಂತಿಯ ಮೂಲಕ ಅಂಕಿಗಳನ್ನು ಪಡೆಯಲು ಬೇಕಾದ ವರ್ಗವೂ, ದತ್ತಾಂಶವನ್ನು ಕೂಡಿಡುವ ವರ್ಗವೂ, ಮುದ್ರಣದ ವರ್ಗವೂ ಅದರಲ್ಲಿ ಸಿದ್ಧವಾಗಿವೆ. ಅದರ ಕೈಪಿಡಿಯಷ್ಟು ಸ್ಪಷ್ಟವಾದ ಕೈಪಿಡಿಯನ್ನು ನಾವು ಬೇರೆ ಕಡೆ ಕಂಡಿಲ್ಲ. ಆಮೇಲೆ ಸಂಘಕ್ಕೆ ಹೋಗಿ ಅಲ್ಲಿಯ ಗಣಕವನ್ನು ನೋಡಿದೆವು. ಅದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಾಗಿತ್ತು.

ಗಣಕ ಬಹಳ ಹಳೆಯದು. ಅದರಲ್ಲಿದ್ದುದು ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿಯೇ ಅದರ ಪಾಲನೆಯನ್ನು ನಿಲ್ಲಿಸಿದೆ. ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ಸಂಘದ್ದನ್ನು ಜೋಡಿಸಿಯೂ ಇರಲಿಲ್ಲ. 2020ರ ಕೊನೆಯಲ್ಲಿ ಹೊರಬಂದ ಕ್ಯೂಟಿನ 6ನೆಯ ಪೀಳಿಗೆ ವಿಂಡೋಸ್ 7ರ ಮೇಲೆ ಓಡುವುದಿಲ್ಲ. ಹಿಂದಿನ 5.15ನೆಯ ಆವೃತ್ತಿ ಓಡುತ್ತದೆ, ಆದರೆ ಹೊಸ ಕೆಲಸವೆಲ್ಲ 6ರಲ್ಲೇ ನಡೆಯುತ್ತಿದೆ. ಹೊಸ ಕಟ್ಟಡವನ್ನು ಹಳೆಯ ಕೊಂಬೆಗೆ ಕಟ್ಟಲು ಮನಸ್ಸು ಬರಲಿಲ್ಲ. ಹೊಸ ಗಣಕ ಕೊಳ್ಳಿರೆಂದು ಹೇಳುವುದು ಸುಲಭ. ಹಾಗೆ ಹೇಳಿದಾಗ ಕಾರ್ಯದರ್ಶಿಗಳು ಏನೂ ನುಡಿಯದೆ ಗೋಡೆಯ ಮೇಲಿನ ಖರ್ಚಿನ ಪಟ್ಟಿಯ ಕಡೆ ನೋಡಿದರು.

ಆದಕಾರಣ ಡಬ್ಲ್ಯುಎಕ್ಸ್ ಭಂಡಾರದ 3.2ನೆಯ ಆವೃತ್ತಿಗೆ ತಿರುಗಿದೆವು. ಅದು ಹಳೆಯ ವಿಂಡೋಸುಗಳ ಮೇಲೂ ಓಡುತ್ತದೆ. ಪೆಟ್ಟಿಗೆಗಳನ್ನು ವಿಂಡೋಸಿನಿಂದಲೇ ಎರವಲು ತರುವುದರಿಂದ, ಬರೆಯುವ, ಅಳಿಸುವ, ಕಡ್ಡಿ ಸರಿಸುವ ಕೆಲಸವೆಲ್ಲ ವಿಂಡೋಸಿಗೇ ಸೇರಿದುದು. ಕನ್ನಡ ಅಲ್ಲಿ ಮೊದಲಿನಿಂದಲೂ ಸರಿಯಾಗಿದೆ. ಪರವಾನಗಿ ಎಷ್ಟು ಸಡಿಲವೆಂದರೆ, ಭಂಡಾರವನ್ನು ಸೇರಿಸಿ ಕಟ್ಟಿದ ಕ್ರಮವಿಧಿಯನ್ನು ನಮಗೆ ಒಪ್ಪುವ ಯಾವ ಕರಾರಿನಲ್ಲಾದರೂ ಕೊಡಬಹುದು. ಪರೀಕ್ಷಾಯಂತ್ರದ ತಂತಿಯಿಂದ ಓದುವ ವರ್ಗ ಅದರಲ್ಲಿಲ್ಲ, ನಾವೇ ಬರೆದುಕೊಂಡೆವು. ಕೈಪಿಡಿಯ ವಿಷಯದಲ್ಲಿ ಮಾತ್ರ ನಷ್ಟವಾಯಿತೆಂದು ಒಪ್ಪಿಕೊಳ್ಳಬೇಕು.

ಈ ಸಲ ಕ್ರಮವಿಧಿಯನ್ನು ಬರೆಯುವ ಮೊದಲು ಒಂದು ಕಿಟಕಿ, ಒಂದು ಪೆಟ್ಟಿಗೆ, ಒಂದು ಗುಂಡಿ, ಒಂದು ಪಟ್ಟಿ ಇಷ್ಟೇ ಇರುವ ಪುಟ್ಟ ಮಾದರಿಯನ್ನು ಕಟ್ಟಿ, ಸಂಘದ ಗಣಕದ ಮೇಲೆಯೇ ಓಡಿಸಿದೆವು. ಅದರಲ್ಲಿ ಐದು ಪದಗಳನ್ನು ಬೆರಳಚ್ಚಿಸಿದೆವು: ಲಕ್ಷ್ಮೀ, ಸ್ತ್ರೀ, ಅರ್ಕುಳ, ಕೊಕ್ಕಡ, ಬೆಳ್ತಂಗಡಿ. ಬೆರಳಚ್ಚಿಸಿ, ನಡುವೆ ಅಳಿಸಿ, ತಿರುಗಿ ಬರೆದು, ಪಟ್ಟಿಗೆ ಸೇರಿಸಿ, ಕಡತದಲ್ಲಿಟ್ಟು, ಗಣಕವನ್ನು ಆರಿಸಿ ಮರಳಿ ಹೊತ್ತಿಸಿ ಓದಿದೆವು. ಒಂದು ಮಧ್ಯಾಹ್ನದ ಕೆಲಸ. ಯಾವ ಭಂಡಾರವನ್ನು ಆರಿಸಹೊರಟವರೂ ಈ ಐದು ಪದಗಳಿಂದಲೋ, ತಮ್ಮೂರಿನ ಇಂತಹವೇ ಐದರಿಂದಲೋ ಪ್ರಾರಂಭಿಸಬಹುದು. ಹಾಲಿನ ಸೂತ್ರ, ದರದ ಪಟ್ಟಿ, ಸದಸ್ಯರ ಲೆಕ್ಕ ಇವನ್ನೆಲ್ಲ ಕಿಟಕಿಯ ಸೋಂಕಿಲ್ಲದಂತೆ ಬೇರೆಯೇ ವರ್ಗಗಳಲ್ಲಿ ಬರೆದಿದ್ದೇವೆ. ಸಂಘಕ್ಕೆ ಹೊಸ ಗಣಕ ಬಂದು, ಬೇರೆ ಭಂಡಾರ ಬೇಕೆನಿಸಿದರೆ ಬದಲಾಗುವುದು ಮುಖ ಮಾತ್ರ.

ಕೊನೆಗೆ ಉಳಿದುದು ಚೀಟಿ. ಸಂಘಕ್ಕೆ ತಂದ ಚಿಕ್ಕ ಥರ್ಮಲ್ ಮುದ್ರಕವು ಇಂಗ್ಲಿಷ್ ಅಕ್ಷರಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಸಂಕೇತ ಕಳುಹಿಸಿದರೆ ಅಚ್ಚಿಸುತ್ತದೆ. ಕನ್ನಡ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಭಂಡಾರದ ನೆರವಿನಿಂದ ಚೀಟಿಯನ್ನು ಮೊದಲು ಒಂದು ಚಿತ್ರವಾಗಿ ಬರೆದು, ಆ ಚಿತ್ರವನ್ನೇ ಕಳುಹಿಸುತ್ತೇವೆ. 80 ಮಿಲಿಮೀಟರ್ ಅಗಲದ ಕಾಗದದಲ್ಲಿ ಅಚ್ಚಾಗುವುದು 72. ಮಿಲಿಮೀಟರಿಗೆ 8 ಚುಕ್ಕೆಯಂತೆ ಸಾಲಿಗೆ 576 ಚುಕ್ಕೆಗಳು. ಮೂರು ಮಿಲಿಮೀಟರ್ ಎತ್ತರದ ಸಾಲಿಗೆ ದೊರೆಯುವ 24 ಚುಕ್ಕೆಗಳಲ್ಲಿ ‘ಲಕ್ಷ್ಮೀ’ಯ ತಲೆಕಟ್ಟೂ, ಮೈಯೂ, ಎರಡು ಒತ್ತುಗಳೂ ಅಡಗಬೇಕು. ಅಡಗಿದವು, ಆದರೆ ಕೆಳಗಿನ ಮಕಾರದ ಒತ್ತು ಮಸಿಯ ಬೊಟ್ಟಿನಂತೆ ಕಾಣುತ್ತಿತ್ತು. ಹೆಸರಿನ ಸಾಲನ್ನಷ್ಟೇ ಐದು ಮಿಲಿಮೀಟರಿಗೆ ಏರಿಸಿದೆವು. ಚೀಟಿ ಒಂದಿಷ್ಟು ಉದ್ದವಾಗಿ, ಕಾಗದದ ಸುರುಳಿ ಮೊದಲಿಗಿಂತ ಬೇಗ ಮುಗಿಯುತ್ತಿದೆಯೆಂದು ಕಾರ್ಯದರ್ಶಿಗಳು ಪ್ರತಿ ತಿಂಗಳೂ ನಮಗೆ ತಿಳಿಸುತ್ತಿರುತ್ತಾರೆ.